ಬೀಗ ಬಿದ್ದ ಕಾರ್ಖಾನೆ ನೋಡಲು ಹೊರಟವರಿಗೆ

ಹತ್ತು ವರ್ಷದ ಹಿಂದೆ ಪೀಣ್ಯದ ಕಡೆ ಒಂದು ಮುಚ್ಚಿದ ಕಾರ್ಖಾನೆಯ ಕಾಂಪೌಂಡ್ ಹಾರಿದ್ದೆ. ಜೊತೆಗೊಬ್ಬ ಗೆಳೆಯ, ಹೆಗಲಿಗೊಂದು ಕ್ಯಾಮೆರಾ, ಕಾಲಿಗೆ ಸವೆದ ಕ್ಯಾನ್ವಾಸ್ ಶೂ. ಒಳಗಿಳಿದು ಇಪ್ಪತ್ತು ಹೆಜ್ಜೆ ಇಟ್ಟಿರಲಿಲ್ಲ, ಆಳೆತ್ತರದ ಕಾಂಗ್ರೆಸ್ ಗಿಡದ ನಡುವೆ ಕಾಲಿಗೆ ನೆಲವೇ ಸಿಗಲಿಲ್ಲ. ಕೇಬಲ್ ಹಾಯಿಸಲು ತೋಡಿದ್ದ ಮೂರಡಿ ಕಾಲುವೆ ಅದು. ಅದರ ಮೇಲಿದ್ದ ಕಬ್ಬಿಣದ ತಗಡನ್ನು ಯಾರೋ ಎಂದೋ ಗುಜರಿಗೆ ಸಾಗಿಸಿದ್ದರು. ಮೊಣಕಾಲು ಕಿತ್ತುಹೋಯಿತು. ನನ್ನ ಕೂಗು ಕೇಳಿ ವಾಚ್‌ಮನ್ ಓಡಿ ಬಂದರು. ಮೊದಲು ಬೈದರು, ಆಮೇಲೆ ನೀರು ಕೊಟ್ಟರು, ಕೊನೆಗೆ ಕೇಳಿದರು: “ಗೇಟತ್ರ ಬಂದು ಕೇಳಿದ್ರೆ ನಾನೇ ಕರ್ಕೊಂಡೋಗ್ತಿದ್ನಲ್ಲ ಸಾ, ಗೋಡೆ ಯಾಕ್ ಹಾರುದ್ರಿ?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದೀಚೆಗೆ ಏಳೆಂಟು ಮುಚ್ಚಿದ ಕಾರ್ಖಾನೆಗಳನ್ನು ನೋಡಿದ್ದೇನೆ, ಎಲ್ಲವನ್ನೂ ಗೇಟಿನಿಂದ ಹೋಗಿಯೇ. ಅನುಮತಿ ಸಿಗುವುದು ತಡವಾಗುತ್ತದೆ, ಒಮ್ಮೊಮ್ಮೆ ಸಿಗುವುದೇ ಇಲ್ಲ. ಸಿಕ್ಕಾಗ ಮಾತ್ರ ಗೋಡೆ ಹಾರಿದವನಿಗೆ ಕಾಣದ್ದು ಕಾಣುತ್ತದೆ. ಹೇಗೆ ಹೋಗಬೇಕು, ಹೋದ ಮೇಲೆ ಏನು ನೋಡಬೇಕು ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಅದು ಯಾರದು?

ಬೆಂಗಳೂರಿನಲ್ಲಿ ದಿಕ್ಕುದೆಸೆ ಇಲ್ಲದ ಕಾರ್ಖಾನೆ ಅಂತ ಒಂದಿಲ್ಲ. ಚದರಡಿಗೆ ಇಷ್ಟು ಬೆಲೆ ಇರುವ ಊರಿನಲ್ಲಿ ಎಕರೆಗಟ್ಟಲೆ ಜಾಗ ಅನಾಥವಾಗಿ ಬಿದ್ದಿರುತ್ತದೆಯೇ? ಹೊರಗಿನಿಂದ ಪಾಳು ಕಂಡರೂ ಹಿಂದೆ ಒಬ್ಬ ಮಾಲೀಕರೋ, ಒಂದು ಇಲಾಖೆಯೋ, ಇಪ್ಪತ್ತು ವರ್ಷದ ಕೋರ್ಟ್ ಕೇಸೋ ಇದ್ದೇ ಇರುತ್ತದೆ.

ಕೆಲವನ್ನು ಹುಡುಕಿಕೊಂಡು ಹೋಗುವುದೇ ದಂಡ. 1884ರಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಬಟ್ಟೆ ಗಿರಣಿಯ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳೂ ಮಾಲೂ ಇವೆ, ಬಿನ್ನಿಪೇಟೆ ಎಂಬ ಹೆಸರಷ್ಟೇ ಹಳೆಯದು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ ಮಂತ್ರಿ ಮಾಲ್ ಎದ್ದಿದೆ. ಮೆಟ್ರೋದಿಂದ ಇಳಿದು ಅಲ್ಲಿ ಪಾಪ್‌ಕಾರ್ನ್ ತಿನ್ನುವವರಲ್ಲಿ ಎಷ್ಟು ಜನರಿಗೆ ಗಿರಣಿಯ ಸೈರನ್ ನೆನಪಿದೆಯೋ!

ಇನ್ನೂ ಗುರುತು ಉಳಿಸಿಕೊಂಡವು ಹಲವು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 1965ರಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಬಂದದ್ದು. ಟ್ರಾನ್ಸ್‌ಫಾರ್ಮರ್, ಮೋಟಾರ್, ಸ್ವಿಚ್‌ಗೇರ್ ಮಾಡುತ್ತಿತ್ತು, 2002ರಲ್ಲಿ ಬಾಗಿಲು ಹಾಕಿತು. ಅಲ್ಲಿ ಈಗ ವೃಕ್ಷೋದ್ಯಾನದ ಮಾತು ನಡೆದಿದೆ. 1936ರಲ್ಲಿ ಹುಟ್ಟಿದ ಮೈಸೂರು ಲ್ಯಾಂಪ್ಸ್ ಒಂದು ಕಾಲಕ್ಕೆ ಮನೆಮನೆಯ ಬಲ್ಬು. ಮಾಗಡಿ ರಸ್ತೆ ಕಡೆಯ ಮಿನರ್ವ ಮಿಲ್ ಹೆಸರನ್ನು ಕಾನೂನು ಓದಿದವರೆಲ್ಲ ಬಲ್ಲರು. 1974ರ ಕಾಯ್ದೆಯಡಿ ಸರ್ಕಾರ ಅದನ್ನು ವಹಿಸಿಕೊಂಡಿತು, ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ 1980ರ ತೀರ್ಪು ಬಂದದ್ದು ಆ ಕೇಸಿನಲ್ಲೇ. ಇವತ್ತು ಅದೇ ಹೆಸರು ಸಿನಿಮಾದವರ ಬಾಯಲ್ಲಿ ಶೂಟಿಂಗ್ ಲೊಕೇಶನ್ ಆಗಿ ಓಡಾಡುತ್ತದೆ. ಫೈಟ್ ಸೀನಿನಲ್ಲಿ ತುಕ್ಕು ಹಿಡಿದ ಶೆಡ್ಡು ಕಂಡರೆ ಅದು ಮಿನರ್ವ ಮಿಲ್ ಇರಬಹುದು ಎಂದು ನಮ್ಮ ಮನೆಯಲ್ಲಿ ಪಂದ್ಯ ಕಟ್ಟುತ್ತೇವೆ.

ಹೊಸಬರಿಗೆ ನನ್ನ ಸಲಹೆ ಒಂದೇ: ಮೊದಲು ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿ ಬನ್ನಿ. ಟಿಕೆಟ್ ತೆಗೆದುಕೊಂಡು ನೋಡುವ ಜಾಗ, ಯಾರ ಅನುಮತಿಯೂ ಬೇಕಿಲ್ಲ. ಎಚ್‌ಎಂಟಿ 1953ರದ್ದು, ಜಪಾನಿನ ಸಿಟಿಜನ್ ಜೊತೆ ಸೇರಿ ಗಡಿಯಾರ ಮಾಡತೊಡಗಿದ್ದು 1961ರಲ್ಲಿ, ಗಡಿಯಾರ ಕಂಪನಿ ಮುಚ್ಚಲು ಕೇಂದ್ರ ಒಪ್ಪಿದ್ದು 2016ರಲ್ಲಿ. ಲೇತ್ ಅಂದರೇನು, ಒಂದು ವಾಚಿನ ಬಿಡಿಭಾಗ ಹೇಗೆ ತಯಾರಾಗುತ್ತದೆ ಎನ್ನುವುದನ್ನು ಅಲ್ಲಿ ಕಣ್ಣಾರೆ ನೋಡಿದ ಮೇಲೆ, ಖಾಲಿ ಶೆಡ್ಡಿನಲ್ಲಿ ನಿಂತಾಗ ಅಲ್ಲಿ ಏನಿತ್ತು ಎಂದು ಊಹಿಸುವ ಶಕ್ತಿ ಬರುತ್ತದೆ.

ಬೇರೆ ಯಾವುದೋ ಶೆಡ್ಡು ಕಣ್ಣಿಗೆ ಬಿದ್ದಿದ್ದರೆ, ಮಾಲೀಕರನ್ನು ಪತ್ತೆ ಮಾಡುವುದು ಹೀಗೆ. ಮೊದಲು ಗೇಟಿನ ಮುಂದೆ ನಿಂತು ಓದಿ. ‘ಈ ಸ್ವತ್ತು ಇಂಥವರಿಗೆ ಸೇರಿದ್ದು, ಅತಿಕ್ರಮ ಪ್ರವೇಶ ನಿಷೇಧಿಸಿದೆ’ ಎಂಬ ಫಲಕವೋ, ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಅಂಟಿಸಿದ ಸ್ವಾಧೀನ ನೋಟಿಸೋ ಇರುತ್ತದೆ. ಬ್ಯಾಂಕ್ ನೋಟಿಸ್ ಇದ್ದರೆ ಆಸೆ ಬಿಟ್ಟುಬಿಡಿ, ಸಾಲ ತೀರದ ಜಾಗಕ್ಕೆ ಪ್ರವಾಸಿಗಳನ್ನು ಬಿಡುವ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ. ಫಲಕ ಇಲ್ಲದಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಆಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ, ಅದನ್ನು ಹಿಡಿದು ಪಹಣಿ ನೋಡಬಹುದು. ಕಂಪನಿ ದಿವಾಳಿಯಾಗಿ ಹೈಕೋರ್ಟಿನಲ್ಲಿ ಸಮಾಪನೆಗೆ ಬಂದಿದ್ದರೆ ಕೀಲಿಕೈ ಆಸ್ತಿ ವಿಲೇವಾರಿ ನೋಡಿಕೊಳ್ಳುವ ಅಫಿಷಿಯಲ್ ಲಿಕ್ವಿಡೇಟರ್ ಹತ್ತಿರ ಇರುತ್ತದೆ. ಸರ್ಕಾರಿ ಕಂಪನಿಯಾಗಿದ್ದು ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು.

ಇಷ್ಟೆಲ್ಲಕ್ಕೂ ಮೊದಲು ಎದುರಿನ ಟೀ ಅಂಗಡಿಯಲ್ಲಿ ಒಂದು ಟೀ ಕುಡಿಯಿರಿ. ಹಳೆಯ ಕಾರ್ಖಾನೆಯ ಎದುರಿನ ಟೀ ಅಂಗಡಿಗೆ ಗೊತ್ತಿರುವಷ್ಟು ಸಂಗತಿ ಯಾವ ಕಚೇರಿಗೂ ಗೊತ್ತಿರುವುದಿಲ್ಲ. ವಾಚ್‌ಮನ್ ಯಾವ ಏಜೆನ್ಸಿಯವರು, ಸಾಹೇಬರು ಯಾವ ವಾರ ಬರುತ್ತಾರೆ, ನಾಯಿಗಳು ಎಷ್ಟಿವೆ, ಎಲ್ಲವೂ ಅಲ್ಲೇ ಸಿಗುತ್ತದೆ.

ಕಾಗದ ಬರೆಯುವುದು

ಫೋನಿನಲ್ಲಿ ಕೇಳಿದರೆ ‘ಇಲ್ಲ’ ಎನ್ನುವುದು ಸುಲಭ. ಕಾಗದ ಕೊಟ್ಟರೆ ಅದಕ್ಕೊಂದು ಇನ್‌ವರ್ಡ್ ನಂಬರ್ ಬೀಳುತ್ತದೆ, ಯಾರಾದರೂ ಏನಾದರೂ ಬರೆಯಲೇಬೇಕಾಗುತ್ತದೆ. ನಾನು ಬರೆಯುವ ಕಾಗದ ಸುಮಾರಾಗಿ ಹೀಗಿರುತ್ತದೆ:

“ಮಾನ್ಯರೇ, ತಮ್ಮ ಸಂಸ್ಥೆಯ ಹಳೆಯ ಕಾರ್ಖಾನೆ ಕಟ್ಟಡಗಳನ್ನು ನೋಡಿ, ವೈಯಕ್ತಿಕ ಬಳಕೆಗಾಗಿ ಛಾಯಾಚಿತ್ರ ತೆಗೆದುಕೊಳ್ಳಲು ಇಬ್ಬರಿಗೆ ಒಂದು ದಿನ, ಬೆಳಿಗ್ಗೆ 8ರಿಂದ 11ರವರೆಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ. ತಮ್ಮ ಸಿಬ್ಬಂದಿ ಒಬ್ಬರು ಜೊತೆಗಿರುವಂತೆ ವ್ಯವಸ್ಥೆ ಮಾಡಿದರೆ ಉಪಕಾರ. ನಾವು ಯಾವ ವಸ್ತುವನ್ನೂ ಮುಟ್ಟುವುದಿಲ್ಲ, ಒಯ್ಯುವುದಿಲ್ಲ, ಮೇಲಂತಸ್ತುಗಳನ್ನು ಹತ್ತುವುದಿಲ್ಲ. ನಮ್ಮ ಸುರಕ್ಷತೆಗೆ ನಾವೇ ಹೊಣೆ ಎಂಬ ಮುಚ್ಚಳಿಕೆಯನ್ನು ಹಾಗೂ ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.”

ಇದರಲ್ಲಿ ಕೆಲಸ ಮಾಡುವುದು ಮುಚ್ಚಳಿಕೆ. ಒಳಗೆ ಬಿದ್ದು ಕಾಲು ಮುರಿದುಕೊಂಡರೆ ತನ್ನ ತಲೆಗೆ ಬರುತ್ತದೆ ಎಂಬುದೇ ಅಧಿಕಾರಿಯ ಭಯ. ‘ಇಬ್ಬರು’, ‘ಮೂರು ಗಂಟೆ’ ಎಂಬ ಮಿತಿಯೂ ಕೆಲಸ ಮಾಡುತ್ತದೆ. ಯೂಟ್ಯೂಬ್ ಚಾನೆಲ್ ಇದ್ದರೆ ಮುಚ್ಚಿಡದೆ ಹೇಳಿ, ಆಮೇಲೆ ಗೊತ್ತಾದರೆ ನಿಮ್ಮ ನಂತರ ಬರುವವರಿಗೆಲ್ಲ ಗೇಟು ಮುಚ್ಚುತ್ತದೆ. ಕೊಟ್ಟ ಕಾಗದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎರಡು ವಾರ ಬಿಟ್ಟು ಮಧ್ಯಾಹ್ನ ಊಟ ಆದ ಮೇಲೆ ಖುದ್ದಾಗಿ ಹೋಗಿ ವಿಚಾರಿಸಿ. ಸೋಮವಾರ ಬೆಳಿಗ್ಗೆ ಮಾತ್ರ ಹೋಗಬೇಡಿ.

ವಾಚ್‌ಮನ್ ಕೈಗೆ ಇನ್ನೂರು ರೂಪಾಯಿ ಇಟ್ಟು ಹೋದರಾಯಿತಲ್ಲ ಎಂದು ಕೇಳುವವರಿದ್ದಾರೆ. ಆಗುತ್ತದೆ. ಸಿಕ್ಕಿಬಿದ್ದರೆ ನಿಮಗೆ ಒಂದು ಬೈಗುಳ, ಅವರಿಗೆ ಕೆಲಸ ಹೋಗುತ್ತದೆ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಆ ಸಂಬಳದಲ್ಲಿ ಬಿಹಾರಕ್ಕೋ ರಾಯಚೂರಿಗೋ ದುಡ್ಡು ಕಳಿಸುವ ಮನುಷ್ಯ ಅವರು.

ಕಾನೂನಿನ ವಿಷಯ ಎರಡು ಮಾತಿನಲ್ಲಿ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶದ್ದು: ಮೂರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾಮಾನು ಇಟ್ಟು ಕಾಯುವ ಕಟ್ಟಡವೂ ಕಾನೂನಿನ ಕಣ್ಣಿಗೆ ‘ಮನೆ’ಯೇ. ಅಂಥ ಗೋಡೌನಿಗೆ ನುಗ್ಗಿದರೆ ಸಜೆ ಒಂದು ವರ್ಷದವರೆಗೆ ಏರಬಹುದು. ಅಪರಾಧ ಮಾಡುವ ಇಲ್ಲವೇ ಕಿರುಕುಳ ಕೊಡುವ ಉದ್ದೇಶ ಇರಬೇಕು ಎಂದು ಕಲಂ ಹೇಳುತ್ತದೆ, ನಿಜ. ಆದರೆ ತಾಮ್ರದ ತಂತಿ ಕಳುವಾಗುತ್ತಲೇ ಇರುವ ಶೆಡ್ಡಿನಲ್ಲಿ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನಿಂತವನು ತನ್ನ ಉದ್ದೇಶ ಕಲೆ ಅಂತ ಪೊಲೀಸರಿಗೆ ವಿವರಿಸುವುದು ಕಷ್ಟ.

ಯಾವಾಗ, ಯಾರ ಜೊತೆ

ಡಿಸೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ. ಮಳೆ ಇಲ್ಲ, ಗಿಡಗಂಟಿ ಒಣಗಿ ನೆಲ ಕಾಣುತ್ತದೆ, ಬೆಳಕು ಓರೆಯಾಗಿ ಬೀಳುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೇಡವೇ ಬೇಡ, ನೆನೆದ ಗೋಡೆ ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಬೆಳಿಗ್ಗೆ ಎಂಟಕ್ಕೆ ಹೋಗಿ, ಬಿಸಿಲೇರುವ ಮುಂಚೆ ಹೊರಗೆ ಬನ್ನಿ.

ಒಬ್ಬರೇ ಹೋಗಬೇಡಿ. ಜೊತೆಗೆ ಬರುವ ಸಿಬ್ಬಂದಿಯೂ ಸೇರಿ ಮೂವರಿದ್ದರೆ ಒಳ್ಳೆಯದು: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಲು, ಇನ್ನೊಬ್ಬರು ಓಡಲು. ದಪ್ಪ ಗೋಡೆಯ ಶೆಡ್ಡುಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ‘ಹನ್ನೊಂದೂವರೆಗೆ ಫೋನ್ ಬರದಿದ್ದರೆ ಈ ನಂಬರಿಗೆ ಮಾಡು’ ಎಂದು ಬರೆದುಕೊಟ್ಟು ಹೊರಡಿ. ಪೊಲೀಸಿಗೆ 112, ಆಂಬುಲೆನ್ಸಿಗೆ 108.

ಚೀಲದಲ್ಲಿ ಏನಿರಬೇಕು

ಪಾದದ ಗಂಟು ಮುಚ್ಚುವ, ದಪ್ಪ ಅಟ್ಟೆಯ ಸೇಫ್ಟಿ ಶೂ. ಎಸ್‌.ಪಿ. ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲೋ ಪೀಣ್ಯದಲ್ಲೋ ಸಿಗುತ್ತದೆ, ಟ್ರೆಕ್ಕಿಂಗ್ ಶೂಗಿಂತ ಅಗ್ಗ, ಮೊಳೆ ತಡೆಯುತ್ತದೆ. ಹೆಲ್ಮೆಟ್ ಬೇಕು. ಬೈಕಿನದಲ್ಲ, ಕಟ್ಟಡದ ಕೆಲಸದವರು ಹಾಕುವ ಹಳದಿಯದು. ಉದ್ದ ತೋಳಿನ ಹತ್ತಿ ಅಂಗಿ, ತೊಗಲಿನ ಕೈಗವಸು, ಎರಡು ಟಾರ್ಚು, ಎರಡು ಲೀಟರ್ ನೀರು, ಒಂದು ತುಂಡು ಸೋಪು, ಬ್ಯಾಂಡೇಜು, ಅನುಮತಿ ಪತ್ರದ ಎರಡು ಪ್ರತಿ. ಸೆಂಟು ಹಾಕಿಕೊಂಡು ಬರಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಆಗಿದ್ದರೆ ಹೋಗುವ ಮುಂಚೆ ಹಾಕಿಸಿಕೊಳ್ಳಿ.

ಮಾಸ್ಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೋವಿಡ್ ಕಾಲದ ಬಟ್ಟೆ ಮಾಸ್ಕು ಇಲ್ಲಿ ಏನೂ ಮಾಡುವುದಿಲ್ಲ. ನಮ್ಮ ಹಳೆಯ ಶೆಡ್ಡುಗಳ ಚಾವಣಿ ಬಹುಪಾಲು ಸಿಮೆಂಟ್ ಶೀಟು, ಅಂದರೆ ಕಲ್ನಾರು ಬೆರೆಸಿದ್ದು. ಶೀಟು ಗಟ್ಟಿಯಾಗಿ ಮೇಲಿರುವಷ್ಟು ಹೊತ್ತು ತೊಂದರೆ ಕಡಿಮೆ. ಒಡೆದು ಬಿದ್ದು, ಅದರ ಮೇಲೆ ನಡೆದಾಗ ಕಣ್ಣಿಗೆ ಕಾಣದ ಎಳೆಗಳು ಏಳುತ್ತವೆ. ಅವು ಶ್ವಾಸಕೋಶದಲ್ಲಿ ಕೂತರೆ ಕಾಯಿಲೆ ತೋರುವುದು ಇಪ್ಪತ್ತು ಮೂವತ್ತು ವರ್ಷಗಳ ನಂತರ. ಬಾಯ್ಲರಿನ ಕೊಳವೆಗಳ ಸುತ್ತ ಸುತ್ತಿದ ಬಿಳಿ ಪಟ್ಟಿ, ಗಾರೆಯಂಥ ಲೇಪ ಇನ್ನೂ ಅಪಾಯ, ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ಎರಡು ಕಡೆ ಫಿಲ್ಟರ್ ಇರುವ ರಬ್ಬರ್ ಮಾಸ್ಕನ್ನು ಪಿ100 ಫಿಲ್ಟರ್ ಹಾಕಿ ತನ್ನಿ. ಶೀಟಿನ ಚೂರು ರಾಶಿ ಬಿದ್ದಿರುವ ಶೆಡ್ಡಿಗೆ ಮಾಸ್ಕಿದ್ದರೂ ಹೋಗಬೇಡಿ.

ಒಳಗೆ ಕಾಲಿಟ್ಟ ಮೇಲೆ

ಮೊದಲ ಐದು ನಿಮಿಷ ಬಾಗಿಲಲ್ಲೇ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ, ಕಿವಿ ಕೇಳಲಿ. ಗುಂಯ್ ಎಂಬ ಸದ್ದು ಬರುತ್ತಿದ್ದರೆ ತಲೆ ಎತ್ತಿ ನೋಡಿ. ಬೆಂಗಳೂರಿನ ಹೆಜ್ಜೇನಿಗೆ ಹಳೆಯ ಚಿಮಣಿ, ನೀರಿನ ಟ್ಯಾಂಕು, ಕ್ರೇನ್ ಓಡುವ ಗ್ಯಾಂಟ್ರಿ ತೊಲೆಗಳೆಂದರೆ ಬಲು ಇಷ್ಟ. ಗೂಡು ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಸೆಂಟಿನ ವಾಸನೆ, ಹೊಗೆ, ಡ್ರೋನಿನ ಸದ್ದು ಅವನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸಬೇಡಿ, ಮುಖ ಮುಚ್ಚಿಕೊಂಡು ನೇರ ಓಡಿ, ಬಾಗಿಲಿರುವ ಕೋಣೆಯೋ ಕಾರೋ ಸಿಗುವವರೆಗೆ.

ನಡೆಯುವಾಗ ನೆಲವನ್ನು ನಂಬಬೇಡಿ. ನಾನು ಬಿದ್ದದ್ದು ಅದೇ ನಂಬಿಕೆಯಿಂದ. ಕಾರ್ಖಾನೆಯ ನೆಲದ ತುಂಬ ಕಾಲುವೆ, ಗುಂಡಿ, ಸಂಪು. ಅವುಗಳ ಮುಚ್ಚಳ ಕಬ್ಬಿಣದ್ದು, ಮೊದಲು ಕಳುವಾಗುವುದೂ ಅದೇ. ಕೈಯಲ್ಲೊಂದು ಕೋಲಿರಲಿ, ಎಲೆ ಕಸ ಮುಚ್ಚಿದ ಕಡೆ ತಟ್ಟಿ ನೋಡಿ ಹೆಜ್ಜೆ ಇಡಿ. ಕೋಲು ತಟ್ಟುವುದು ಹಾವಿಗೂ ಸೂಚನೆ. ನಾಗರಹಾವು, ಕೊಳಕುಮಂಡಲ ಎರಡೂ ನಮ್ಮ ಊರಿನವೇ, ಇಲಿ ಇದ್ದ ಕಡೆ ಅವೂ ಇರುತ್ತವೆ. ಶೀಟು ಎತ್ತಿ ನೋಡುವುದು, ಕಪಾಟಿನ ಸಂದಿಗೆ ಕೈ ಹಾಕುವುದು ಬೇಡ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಕೂಡದು. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ದೊಡ್ಡಾಸ್ಪತ್ರೆಗೆ ಸಾಗಿಸಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ. ನಾಯಿ ಕಚ್ಚಿದರೆ ಆ ಸೋಪು ನೀರು ಹೊರಬರಲಿ. ಹದಿನೈದು ನಿಮಿಷ ತೊಳೆದು, ಅದೇ ದಿನ ಇಂಜೆಕ್ಷನ್.

ಮೇಲೆ ಹತ್ತಬೇಡಿ. ಕಬ್ಬಿಣದ ಮೆಟ್ಟಿಲು ಹೊರಗಿನಿಂದ ಗಟ್ಟಿ ಕಂಡರೂ ಬೆಸುಗೆ ತಿಂದುಹೋಗಿರುತ್ತದೆ. ಸಿಮೆಂಟ್ ಶೀಟಿನ ಚಾವಣಿ ಮೇಲೆ ಹೆಜ್ಜೆ ಇಟ್ಟವರು ಕೆಳಗಿನ ಕಾಂಕ್ರೀಟಿಗೆ ಬರುವುದು ಒಂದೇ ಸೆಕೆಂಡಿನಲ್ಲಿ.

ಎಲ್ಲಕ್ಕಿಂತ ಮೋಸದ್ದು ಮುಚ್ಚಿದ ಜಾಗ: ಟ್ಯಾಂಕು, ಬಾಯ್ಲರ್ ಒಳಗು, ನೆಲಮಾಳಿಗೆಯ ಗುಂಡಿ. ಕಬ್ಬಿಣ ತುಕ್ಕು ಹಿಡಿಯುವಾಗ ಗಾಳಿಯ ಆಮ್ಲಜನಕವನ್ನೇ ತಿನ್ನುತ್ತದೆ. ವರ್ಷಗಟ್ಟಲೆ ಮುಚ್ಚಿದ್ದ ಟ್ಯಾಂಕಿನಲ್ಲಿ ಉಸಿರಾಡಲು ಏನೂ ಉಳಿದಿರುವುದಿಲ್ಲ, ಆದರೆ ನೋಡಲು ಖಾಲಿ, ಸ್ವಚ್ಛ. ಕೊಳೆತ ನೀರಿದ್ದರೆ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬಂದು ಆಮೇಲೆ ನಿಂತುಹೋದರೆ ಅನಿಲ ಹೋಯಿತೆಂದು ಅರ್ಥವಲ್ಲ, ಮೂಗು ಸತ್ತಿದೆ ಎಂದು ಅರ್ಥ. ಸಂಪಿಗೆ ಇಳಿದವನನ್ನು ಎತ್ತಲು ಇಳಿದ ಎರಡನೆಯವನು, ಮೂರನೆಯವನು ಸತ್ತ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಜೊತೆಗಾರರು ಒಳಗೆ ಕುಸಿದರೂ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ.

ಕಾರ್ಖಾನೆ ಏನು ಮಾಡುತ್ತಿತ್ತು ಎನ್ನುವುದರ ಮೇಲೆ ವಿಷವೂ ಬೇರೆ ಬೇರೆ. ಟ್ಯೂಬ್‌ಲೈಟ್ ಮಾಡುತ್ತಿದ್ದ ಕಡೆ ಪಾದರಸ, ಹಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಎಣ್ಣೆಯಲ್ಲಿ ಪಿಸಿಬಿ ಎಂಬ ರಾಸಾಯನಿಕ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ವಿಭಾಗದಲ್ಲಿ ಸಯನೈಡ್ ಮತ್ತು ಕ್ರೋಮಿಯಂ. ಎಣ್ಣೆ ಕಲೆಯ ಮೇಲೆ ಕೂರಬೇಡಿ, ಡ್ರಮ್ಮಿನ ಮುಚ್ಚಳ ತೆರೆಯಬೇಡಿ, ಒಳಗೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಬೇಡಿ. ಊಟ ಗೇಟಿನ ಹೊರಗೆ, ಕೈ ತೊಳೆದ ಮೇಲೆ.

ನೋಡುವುದು

ಹೋಗುವವರಲ್ಲಿ ಹೆಚ್ಚಿನವರು ಒಡೆದ ಗಾಜು, ಬೇರು ಬಿಟ್ಟ ಅರಳಿಯ ಫೋಟೋ ತೆಗೆದು ವಾಪಸ್ ಬರುತ್ತಾರೆ. ಅದು ಎಲ್ಲ ಪಾಳಿನಲ್ಲೂ ಸಿಗುತ್ತದೆ. ಕಾರ್ಖಾನೆಯನ್ನು ಓದಬೇಕಾದರೆ ನೆಲದಿಂದ ಶುರು ಮಾಡಿ.

ನೆಲದಲ್ಲಿ ನಾಲ್ಕು ನಾಲ್ಕಾಗಿ ಬೋಲ್ಟುಗಳ ತುದಿ ಕಾಣುತ್ತವೆ, ಪ್ರತಿ ಗುಂಪೂ ಒಂದೊಂದು ಮೆಷಿನ್ನಿನ ಕಾಲು. ಅದರ ಮುಂದೆ ಕಾಂಕ್ರೀಟು ನುಣುಪಾಗಿ ತುಸು ತಗ್ಗಾಗಿದ್ದರೆ ಅಲ್ಲಿ ಒಬ್ಬರು ಇಪ್ಪತ್ತೈದು ವರ್ಷ ನಿಂತು ಡ್ಯೂಟಿ ಮಾಡಿದ್ದಾರೆ. ಎರಡು ಹಳದಿ ಗೆರೆಗಳ ನಡುವಿನದು ನಡೆಯುವ ದಾರಿ. ಕಂಬಗಳ ಮೇಲೆ ಸಾಲಾಗಿ ಬ್ರಾಕೆಟ್‌ಗಳಿದ್ದರೆ ಒಂದೇ ಎಂಜಿನ್ನಿನಿಂದ ಉದ್ದದ ಶಾಫ್ಟು ತಿರುಗಿಸಿ ಬೆಲ್ಟಿನಿಂದ ಎಲ್ಲ ಮೆಷಿನ್ನು ಓಡಿಸುತ್ತಿದ್ದ ಕಾಲದ್ದು.

ಆಮೇಲೆ ತೊಲೆಗಳು. ಟಾರ್ಚನ್ನು ಓರೆಯಾಗಿ ಹಿಡಿದರೆ ಉಕ್ಕಿನ ಮೇಲೆ ಉಬ್ಬಕ್ಷರ ಕಾಣಬಹುದು. ‘ಡಾರ್ಮನ್ ಲಾಂಗ್, ಇಂಗ್ಲೆಂಡ್’ ಎಂದಿದ್ದರೆ ಆ ತೊಲೆ ಹಡಗಿನಲ್ಲಿ ಬಂದದ್ದು, ‘ಟಾಟಾ’ ಎಂದಿದ್ದರೆ ಜಮ್‌ಷೆಡ್‌ಪುರದಿಂದ ರೈಲಿನಲ್ಲಿ. ಹೆಂಚಿನ ವಿಷಯದಲ್ಲಿ ಒಂದು ಎಚ್ಚರ. ಮಂಗಳೂರು ಹೆಂಚಿನ ಬೆನ್ನ ಮೇಲೆ ‘ಬಾಸೆಲ್ ಮಿಷನ್, 1865’ ಎಂದಿರುವುದು ಕಂಡು ‘ಅಬ್ಬಾ, 160 ವರ್ಷದ ಚಾವಣಿ’ ಎಂದು ಬರೆದುಕೊಳ್ಳಬೇಡಿ. ಅದು ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ನಾನು ಬರೆದುಕೊಂಡಿದ್ದೆ.

ಚಾವಣಿ ಗರಗಸದ ಹಲ್ಲಿನಂತಿದ್ದರೆ ಅದು ನಾರ್ತ್ ಲೈಟ್ ಶೆಡ್ಡು. ಹಲ್ಲಿನ ಗಾಜಿನ ಮುಖ ಉತ್ತರಕ್ಕಿರುತ್ತದೆ, ಬಿಸಿಲು ನೇರ ಬೀಳದೆ ದಿನವಿಡೀ ಒಂದೇ ಸಮನಾದ ಬೆಳಕು ಬರಲಿ ಎಂದು. ನೂಲಿನ ಎಳೆ, ವಾಚಿನ ಹಲ್ಲು ನೋಡುವ ಕಣ್ಣಿಗೆ ಅದು ಬೇಕು. ಇಂಗ್ಲೆಂಡಿನಲ್ಲಿ ಈ ಲೆಕ್ಕ ವರ್ಷಪೂರ್ತಿ ಸರಿ. ನಮ್ಮದು 13 ಡಿಗ್ರಿ ಅಕ್ಷಾಂಶ, ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೇರ ನೆತ್ತಿಗೆ ಬರುವ ಶೂನ್ಯ ನೆರಳಿನ ದಿನ ಬಂದ ಮೇಲೆ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಬೇಸಿಗೆಯಲ್ಲಿ ಗಾಜಿಗೆ ಸುಣ್ಣವೋ ನೀಲಿಯೋ ಬಳಿದ ಗುರುತು ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಇನ್ನು ಮನುಷ್ಯರ ಗುರುತು. ಹಾಜರಿ ನೋಡುತ್ತಿದ್ದ ಟೈಮ್ ಆಫೀಸಿನ ಗೋಡೆಯಲ್ಲಿ ಟೋಕನ್ ಮೊಳೆಗಳು, ಅಂದರೆ ಕಾರ್ಮಿಕರ ನಂಬರಿನ ಬಿಲ್ಲೆ ನೇತುಹಾಕುತ್ತಿದ್ದವು. ಕೊನೆಯ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಕಪ್ಪಾಗಿ ಸ್ವಿಚ್‌ಬೋರ್ಡಿಗೆ ಅಂಟಿರುತ್ತದೆ. ಅಂಗಳದಲ್ಲಿ ಹಳದಿ ಕೆಂಪು ಬಣ್ಣದ ಕಂಬ, ಕಾರ್ಖಾನೆಯ ಕನ್ನಡ ಸಂಘದ್ದು, ನವೆಂಬರ್ ತಿಂಗಳ ಆರ್ಕೆಸ್ಟ್ರಾಕ್ಕೆ ಇಡೀ ಕಾಲೊನಿ ಸೇರುತ್ತಿದ್ದ ಜಾಗ. ನೋಟಿಸ್ ಬೋರ್ಡಿನಲ್ಲಿ ಯೂನಿಯನ್ನಿನ ಕರಪತ್ರದ ಚೂರು, ಸ್ವಯಂ ನಿವೃತ್ತಿಯ (ವಿಆರ್‌ಎಸ್) ಸುತ್ತೋಲೆ. 1980–81ರಲ್ಲಿ ಈ ಊರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದ್ದರು. ಆ ಹೊತ್ತಿನ ಘೋಷಣೆಗಳ ಬಣ್ಣ ಕೆಲವು ಕಾಂಪೌಂಡುಗಳ ಸುಣ್ಣದ ಅಡಿಯಿಂದ ಇಣುಕುತ್ತದೆ ಎಂದು ಹಳಬರು ಹೇಳುತ್ತಾರೆ, ನಾನಂತೂ ಹುಡುಕುತ್ತಲೇ ಇದ್ದೇನೆ.

ಇದನ್ನೆಲ್ಲ ಒಬ್ಬರೇ ಓದಲು ಆಗುವುದಿಲ್ಲ. ಅಲ್ಲಿ ಕೆಲಸ ಮಾಡಿದವರೊಬ್ಬರನ್ನು ಕರೆದುಕೊಂಡು ಹೋಗಿ. ಈ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಅದು ಇದೇ ಆಗಿರಲಿ. ಹುಡುಕುವುದು ಕಷ್ಟವಲ್ಲ: ಎನ್‌ಜಿಇಎಫ್ ಲೇಔಟ್, ಎಚ್‌ಎಂಟಿ ಲೇಔಟ್, ಐಟಿಐ ಲೇಔಟ್ ಎಂದು ಬಡಾವಣೆಗಳಿಗೇ ಕಾರ್ಖಾನೆಯ ಹೆಸರಿರುವ ಊರು ಇದು. ಬೆಳಿಗ್ಗೆ ಆರೂವರೆಗೆ ಅಲ್ಲಿನ ಪಾರ್ಕಿನ ಬೆಂಚಿನ ಮೇಲೆ ಫೌಂಡ್ರಿ, ಟೂಲ್ ರೂಮ್, ಇನ್‌ಸ್ಪೆಕ್ಷನ್ ಎಲ್ಲವೂ ಕೂತಿರುತ್ತದೆ.

ನಮ್ಮ ಬೀದಿಯ ರಾಯರು ಫಿಟ್ಟರ್ ಆಗಿ ರಿಟೈರ್ ಆದವರು. ಅವರ ಕಾರ್ಖಾನೆಗೆ ಅನುಮತಿ ಸಿಕ್ಕಾಗ, ನಾನು ಒಮ್ಮೆ ಮುಂಚೆ ಹೋಗಿ ತೆಗೆದಿದ್ದ ಫೋಟೋಗಳನ್ನು ತೋರಿಸಿದೆ. ಗೋಡೆಯುದ್ದಕ್ಕೂ ಇದ್ದ ಕೊಕ್ಕೆಗಳ ಸಾಲಿಗೆ ನಾನು ‘ಸರಪಳಿ ತೂಗುಹಾಕುತ್ತಿದ್ದ ಕೊಕ್ಕೆಗಳು’ ಎಂದು ಬರೆದಿದ್ದೆ. ರಾಯರು ಕನ್ನಡಕ ಏರಿಸಿ ನೋಡಿ ನಕ್ಕರು. “ಟಿಫನ್ ಕ್ಯಾರಿಯರ್ ನೇತಾಕ್ತಿದ್ವಿ ಕಣಪ್ಪ. ಕೆಳಗಿಟ್ರೆ ಇರುವೆ.” ದೇವರ ಗೂಡು ಎಂದುಕೊಂಡಿದ್ದು ಸ್ಪ್ಯಾನರ್ ಬಚ್ಚಿಡುವ ಜಾಗ. ಒಳಗೆ ಹೋದ ಮೇಲೆ ಅವರು ಮೆಷಿನ್ ಶಾಪಿಗೆ ಮೊದಲು ಬರಲಿಲ್ಲ, ಸೈಕಲ್ ಸ್ಟ್ಯಾಂಡಿಗೆ ಹೋದರು. ಕಂಬ ಎಣಿಸುತ್ತ ಹೋಗಿ ಒಂದರ ಹತ್ತಿರ ನಿಂತು, “ಮಳೆ ಸೋರ್ತಾ ಇರ್ಲಿಲ್ಲ ಇಲ್ಲಿ, ಅದ್ಕೇ ಅರ್ಧ ಗಂಟೆ ಮುಂಚೆ ಬರ್ತಿದ್ದೆ” ಅಂದರು. ಮೂರು ಗಂಟೆಯಲ್ಲಿ ಒಂದೂವರೆ ಗಂಟೆ ಕ್ಯಾಂಟೀನಿನಲ್ಲೇ ಕಳೆಯಿತು. ಎಂಟಾಣೆ ಊಟ, ಅದಕ್ಕೆ ಸೇರದ ಉಪ್ಪು, ಅದಕ್ಕಾಗಿ ನಡೆದ ಗೇಟ್ ಮೀಟಿಂಗು.

ಹಿರಿಯರನ್ನು ಕರೆದೊಯ್ಯುವಾಗ ಒಂದು ಕುರ್ಚಿ ಹೊತ್ತುಕೊಳ್ಳಿ, ಮಾಸ್ಕು ಅವರಿಗೂ ತನ್ನಿ. ಮಾತನ್ನು ರೆಕಾರ್ಡ್ ಮಾಡುವ ಮುಂಚೆ ಕೇಳಿ. ಕೆಲವರು ಒಳಗೆ ಬರಲು ಒಪ್ಪುವುದಿಲ್ಲ, ಬಾಕಿ ಹಣ ಇನ್ನೂ ಬಂದಿರುವುದಿಲ್ಲ. ಅವರನ್ನು ಒತ್ತಾಯಿಸಬೇಡಿ.

ಫೋಟೋ

ಫ್ಲ್ಯಾಶ್ ಬೇಡ, ಧೂಳೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಟ್ರೈಪಾಡ್ ಇಟ್ಟು ನಿಧಾನ ಶಟರ್ ಸಾಕು. ಡ್ರೋನ್ ಮನೆಯಲ್ಲಿಡಿ. ಎಚ್‌ಎಎಲ್, ಜಾಲಹಳ್ಳಿ, ಯಲಹಂಕ ಎಂದು ನಮ್ಮ ಆಕಾಶದ ತುಂಬ ವಾಯುನೆಲೆಗಳು, ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ಬಣ್ಣ ಇರುವ ಕಡೆ ಅನುಮತಿ ಇಲ್ಲದೆ ಹಾರಿಸುವುದು ಅಪರಾಧ. ಹಾಕುವ ಫೋಟೋದಿಂದ ಲೊಕೇಶನ್ ಅಳಿಸಿ. ತಾಮ್ರ ಎಲ್ಲಿ ಉಳಿದಿದೆ ಎಂದು ಹುಡುಕುವವರೂ ಇನ್‌ಸ್ಟಾಗ್ರಾಂ ನೋಡುತ್ತಾರೆ. ನೆನಪಿಗೆಂದು ಒಂದು ಟೋಕನ್ನೂ ಜೇಬಿಗೆ ಹಾಕಬೇಡಿ. ಕಾನೂನಿನಲ್ಲಿ ಅದು ಕಳ್ಳತನ. ಹಿತ್ತಾಳೆ ಟೋಕನ್ ಗೋಡೆಯ ಮೊಳೆಯ ಮೇಲಿದ್ದರೆ ಮಾತ್ರ ನೂರಾ ಹನ್ನೆರಡನೇ ನಂಬರಿನವರು ಕೊನೆಯ ದಿನ ಕೆಲಸಕ್ಕೆ ಬಂದಿದ್ದರೋ ಇಲ್ಲವೋ ಗೊತ್ತಾಗುತ್ತದೆ.

ಹೊರಗೆ ಬಂದ ಮೇಲೆ

ಗೇಟಿನಲ್ಲೇ ಶೂ ಒರೆಸಿ, ಬಟ್ಟೆ ಬದಲಿಸಿ, ಹಳೆಯದನ್ನು ಕವರಿನಲ್ಲಿ ಕಟ್ಟಿ. ಮನೆಯಲ್ಲಿ ಬೇರೆಯಾಗಿ ನೆನೆಸಿ ಒಗೆಯಬೇಕು, ಕೊಡವಬಾರದು. ರಿಜಿಸ್ಟರಿನಲ್ಲಿ ಹೊರಟ ಸಮಯ ಬರೆದು ಸಹಿ ಹಾಕಿ, ಇಲ್ಲದಿದ್ದರೆ ಸಂಜೆ ವಾಚ್‌ಮನ್ ನಿಮ್ಮನ್ನು ಹುಡುಕಿಕೊಂಡು ಶೆಡ್ಡು ಸುತ್ತುತ್ತಾರೆ. ಅವರ ಒಂದು ಫೋಟೋ ತೆಗೆದಿದ್ದರೆ ಪ್ರಿಂಟ್ ಹಾಕಿಸಿ ಕೊಡಿ, ವಾಟ್ಸಾಪ್ ಸಾಲದು. ಅನುಮತಿ ಕೊಟ್ಟ ಕಚೇರಿಗೂ ನಾಲ್ಕು ಒಳ್ಳೆಯ ಚಿತ್ರ ಕಳಿಸಿ. ಕೆಲವು ಕಡೆ ಅವರ ಕಡತದಲ್ಲಿ ಆ ಕಟ್ಟಡದ ಒಂದು ಫೋಟೋ ಕೂಡ ಇರುವುದಿಲ್ಲ.

ಮುಂದಿನ ಎರಡು ಮೂರು ವಾರ ಮೈ ಮೇಲೆ ಗಮನವಿರಲಿ. ಇಲಿ ಓಡಾಡಿದ ಕೊಚ್ಚೆ ನೀರು ತರಚು ಗಾಯಕ್ಕೆ ತಾಗಿದ್ದರೆ ಇಲಿಜ್ವರ ಬರಬಹುದು, ಬಾವಲಿ ಹಿಕ್ಕೆಯ ಧೂಳು ಉಸಿರಿಗೆ ಹೋಗಿದ್ದರೆ ಕೆಮ್ಮು ಹಿಡಿಯಬಹುದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ. ಡಾಕ್ಟರಿಗೆ ‘ಹಳೇ ಫ್ಯಾಕ್ಟ್ರಿ ನೋಡೋಕೆ ಹೋಗಿದ್ದೆ’ ಎಂದು ಸಂಕೋಚ ಬಿಟ್ಟು ಹೇಳಿ. ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಸರಿಯಾದ ರಕ್ತಪರೀಕ್ಷೆ ಬರೆದುಕೊಡುತ್ತಾರೆ.